ಪುರಸಭೆಗೆ ಹೊಸದಾಗಿ ಗೆದ್ದಿದ್ದೀರಾ? ಸಂತೆಯಿಂದ ಶುರು ಮಾಡಿ

ಗೆದ್ದ ಮರುದಿನದಿಂದಲೇ ಫೋನ್ ಬರುತ್ತವೆ. ಬೀದಿದೀಪ ಉರಿಯುತ್ತಿಲ್ಲ, ಚರಂಡಿ ಕಟ್ಟಿದೆ, ನೀರು ಬಿಟ್ಟಿಲ್ಲ. ಮಾಡಿಕೊಡಿ, ಬೇಡ ಅನ್ನಲ್ಲ. ನಾನು ಸದಸ್ಯನಾಗಿದ್ದಾಗ ಮೊದಲ ಮೂರು ವರ್ಷ ಬರೀ ಅದನ್ನೇ ಮಾಡಿದೆ. ಆದರೆ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಮಾಡುವುದು. ಬೀದಿದೀಪ ಬರುವುದು 17ರಲ್ಲಿ!

ಮೊದಲು ಕಚೇರಿಯಲ್ಲಿ ಉದ್ದಿಮೆ ಪರವಾನಗಿ ರಿಜಿಸ್ಟರ್ ಕೇಳಿ. ಊರಲ್ಲಿ ಎಷ್ಟು ಹಿಟ್ಟಿನ ಗಿರಣಿ, ಎಷ್ಟು ಗ್ಯಾರೇಜು, ಯಾವ ಅಂಗಡಿ ಈ ವರ್ಷ ನವೀಕರಣ ಮಾಡಿಸಿಲ್ಲ, ಎಲ್ಲ ಅದರಲ್ಲಿ ಸಿಗುತ್ತದೆ. ಪರವಾನಗಿ ಇಲ್ಲದೆ ದುಡಿಯುವವರು ಮಾತ್ರ ಸಿಗಲ್ಲ. ಅವರನ್ನು ನೋಡಬೇಕಾದರೆ ಸಂತೆಗೇ ಹೋಗಬೇಕು.

ಬೆಳಿಗ್ಗೆ 6ಕ್ಕೇ ಹೋಗಿ. ಹಿಂಬಾಲಕರನ್ನು ಮನೆಯಲ್ಲೇ ಬಿಟ್ಟು ಹೋಗಿ. ಯಾವ ಹಳ್ಳಿಯಿಂದ ಏನು ಬರುತ್ತದೆ, ಬಸ್ಸಲ್ಲೋ ಟೆಂಪೋದಲ್ಲೋ, ಸಂಜೆ ಉಳಿದದ್ದು ಏನಾಗುತ್ತದೆ ಅಂತ ಕೇಳಿ ಬರೆದುಕೊಳ್ಳಿ. ನಮ್ಮಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ಹನ್ನೊಂದು ಗಂಟೆಗೇ ಗಂಟು ಕಟ್ಟುತ್ತಿದ್ದರು. ಯಾಕಜ್ಜಿ ಇಷ್ಟು ಬೇಗ ಅಂದೆ. "ಹೆಂಗಸರು ಹೋಗೋಕೆ ಇಲ್ಲಿ ಜಾಗ ಎಲ್ಲೈತಪ್ಪ? ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ" ಅಂದರು. ಉಳಿದ ಹತ್ತಿಪ್ಪತ್ತು ಕಟ್ಟು ಅರ್ಧ ಬೆಲೆಗೆ ಪಕ್ಕದ ವ್ಯಾಪಾರಿಗೆ ಹೋಯಿತು. ನಾನು ಅಲ್ಲಿಯವರೆಗೆ ಶೌಚಾಲಯವನ್ನು ಆರೋಗ್ಯದ ವಿಷಯ ಅಂದುಕೊಂಡಿದ್ದೆ. ಪ್ರತಿ ವರ್ಷ ಸಂತೆ ಸುಂಕ ಹರಾಜು ಹಾಕಿ ದುಡ್ಡು ತಗೊಳ್ಳುತ್ತೇವೆ, ಆ ದುಡ್ಡು ಕೊಡುವವರಿಗೆ ಒಂದು ಬಾಗಿಲು ಹಾಕುವ ಜಾಗ ಇಲ್ಲ.

ಇದನ್ನೆಲ್ಲ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೂಗಿದರೆ ಏನೂ ಆಗಲ್ಲ. ಸಭೆಗೆ ಮೊದಲೇ ಬರೆದು ಕೊಟ್ಟು ಅಜೆಂಡಾದಲ್ಲಿ ಸೇರಿಸಿ, ಆಮೇಲೆ ನಡಾವಳಿಯಲ್ಲಿ ಠರಾವು ಸರಿಯಾಗಿ ಬಂದಿದೆಯಾ ಅಂತ ಓದಿ ನೋಡಿ. ಬಜೆಟ್ ಪೂರ್ವಭಾವಿ ಸಭೆಗೆ ಸಂತೆಯವರನ್ನೂ ಕರೆತನ್ನಿ. ಪುರಸಭೆಯ ಹಣದಲ್ಲಿ ಶೇಕಡಾ 24.10, 7.25, 5ರ ಮೀಸಲು ಗೊತ್ತಲ್ವಾ, ಪರಿಶಿಷ್ಟರಿಗೆ, ಇತರೆ ಬಡವರಿಗೆ, ಅಂಗವಿಕಲರಿಗೆ ಇಡುವುದು? ಅದರಲ್ಲಿ ಸುಮ್ನೆ ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳುವ ಮುಂಚೆ, ಊರಲ್ಲಿ ಹೊಲಿಸುವವರು ಎಷ್ಟಿದ್ದಾರೆ ಅಂತ ನೀವು ಬರೆದುಕೊಂಡ ಪುಸ್ತಕ ತೆಗೆದು ನೋಡಿ.

ಬಸ್ಸಿನ ಸಮಯ, ಹೋಬಳಿ ರಸ್ತೆ, ತರಕಾರಿ ಇಡಲು ಶೀತಲ ಗೋದಾಮು, ಇವು ಪುರಸಭೆಯ ಗಡಿ ದಾಟಿದವು. ಅದಕ್ಕೆ ಜಿಲ್ಲಾ ಯೋಜನಾ ಸಮಿತಿ ಇದೆ. ಪಂಚಾಯಿತಿ ಮತ್ತು ಪುರಸಭೆಗಳ ಯೋಜನೆಗಳನ್ನು ಒಟ್ಟು ಸೇರಿಸಿ ಜಿಲ್ಲೆಯ ಕರಡು ಯೋಜನೆ ಮಾಡುವುದು ಅದರ ಕೆಲಸ. ಅದರ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳಲ್ಲಿ ಗೆದ್ದವರೊಳಗಿಂದಲೇ ಆರಿಸಿ ಬರಬೇಕು. ಅಂದರೆ ನೀವೂ ನಿಲ್ಲಬಹುದು. 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಅಂಥ ಹೊತ್ತಲ್ಲಿ ಪುರಸಭೆ ಸದಸ್ಯರ ಮಾತಿಗೆ ಇನ್ನೂ ಜಾಸ್ತಿ ತೂಕ ಇರಬೇಕಿತ್ತು. ಅಧ್ಯಕ್ಷಗಿರಿಗೆ ರೆಸಾರ್ಟ್‌ವರೆಗೂ ಹೋಗುವ ನಮ್ಮವರು ಈ ಸಮಿತಿಯ ಕಡೆ ತಲೆ ಹಾಕುವುದು ಕಡಿಮೆ.

ಆಯ್ಕೆ ಆಗದಿದ್ದರೂ ಪರವಾಗಿಲ್ಲ. ಸಂತೆಗೆ ಮಾಲು ಕಳಿಸುವ ನಾಲ್ಕೈದು ಗ್ರಾಮ ಪಂಚಾಯಿತಿ ಸದಸ್ಯರನ್ನು ಜೊತೆಗೆ ಕರೆದುಕೊಂಡು, ಒಂದೇ ಹಾಳೆಯಲ್ಲಿ ಮೂರು ಬೇಡಿಕೆ ಬರೆದು, ಎಲ್ಲರ ಸಹಿ ಹಾಕಿಸಿ ಸಮಿತಿಗೆ ಕೊಡಿ. ಸ್ವೀಕೃತಿ ಸೀಲು ಬಿದ್ದ ಪ್ರತಿ ಒಂದು ಮನೆಯಲ್ಲಿರಲಿ. ಮುಂದಿನ ವರ್ಷ ಅದನ್ನೇ ಹಿಡಿದು ಕೇಳಬೇಕಲ್ವಾ.