ಸಿಸ್‌ಎಂಎಲ್ ಮಾದರಿಯ ಮೌಲ್ಯ ಸಿಮ್ಯುಲೇಶನ್‌ಗೆ ತಲುಪದಿದ್ದಾಗ: ನನ್ನ ಅನುಭವ

ಸಿಸ್‌ಎಂಎಲ್ (ವ್ಯವಸ್ಥೆಗಳನ್ನು ವಿವರಿಸುವ ಚಿತ್ರರೂಪದ ಮಾದರಿ ಭಾಷೆ) ಮಾದರಿಯಲ್ಲಿ ವಾಹನದ ದ್ರವ್ಯರಾಶಿಯನ್ನು 1200 ಕಿಲೋಗ್ರಾಂನಿಂದ 1500ಕ್ಕೆ ಏರಿಸಿದರೂ, ಎಫ್‌ಎಂಐ 2.0 (ಸಿಮ್ಯುಲೇಶನ್ ಮಾದರಿಗಳನ್ನು ಉಪಕರಣಗಳ ನಡುವೆ ಹಂಚಿಕೊಳ್ಳುವ) ಮಾನದಂಡದ ಎಫ್‌ಎಂಯು (ಅಂತಹ ಮಾದರಿಯ ಕಟ್ಟು) ಮೂಲಕ ಜೋಡಿಸಿದ್ದ ಸಹ-ಸಿಮ್ಯುಲೇಶನ್‌ನ (ಹಲವು ಮಾದರಿಗಳನ್ನು ಒಟ್ಟಿಗೆ ಓಡಿಸುವುದು) ಫಲಿತಾಂಶ ಕಿಂಚಿತ್ತೂ ಬದಲಾಗುತ್ತಿರಲಿಲ್ಲ. ದೋಷದ ಸಂದೇಶವೂ ಬರುತ್ತಿರಲಿಲ್ಲ. ಎಫ್‌ಎಂಯುವನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿದ್ದು, ಕಾಲದ ಹೆಜ್ಜೆಯನ್ನು ಕಿರಿದಾಗಿಸಿದ್ದು, ಎರಡೂ ಕಡೆ ಚರಗಳಿಗೆ ಒಂದೇ ಹೆಸರಿಟ್ಟದ್ದು, ಯಾವುದೂ ಫಲ ನೀಡಲಿಲ್ಲ.

ಎಫ್‌ಎಂಯು ಎಂಬುದು ವಾಸ್ತವದಲ್ಲಿ ಜಿಪ್ ಕಡತವೇ ಆದ್ದರಿಂದ, ಅದನ್ನು ಬಿಚ್ಚಿ ಒಳಗಿನ ಮಾಡೆಲ್‌ಡಿಸ್ಕ್ರಿಪ್ಶನ್ ಎಕ್ಸ್‌ಎಂಎಲ್ ಕಡತವನ್ನು ಓದಿದಾಗ ಕಾರಣ ತಿಳಿಯಿತು. ಅಲ್ಲಿ ದ್ರವ್ಯರಾಶಿಯ ಕಾಸಾಲಿಟಿ (ಚರದ ಪಾತ್ರ) ‘ಪ್ಯಾರಾಮೀಟರ್’ ಎಂದೂ ವೇರಿಯಬಿಲಿಟಿ (ಮೌಲ್ಯ ಯಾವಾಗ ಬದಲಾಗಬಹುದು ಎಂಬುದು) ‘ಫಿಕ್ಸೆಡ್’ ಎಂದೂ ಇತ್ತು. ಅಂತಹ ಮೌಲ್ಯವನ್ನು ಆರಂಭೀಕರಣ (ಓಟಕ್ಕೆ ಮೊದಲಿನ ಸಿದ್ಧತೆಯ ಹಂತ) ಮುಗಿದ ಬಳಿಕ ಬದಲಿಸಲಾಗದು. ಜೋಡಣೆಯ ಸ್ಕ್ರಿಪ್ಟ್ ಅದನ್ನು ಆರಂಭೀಕರಣದ ನಂತರ ಕಳುಹಿಸಿ, ಮರಳಿ ಬಂದ ಸ್ಟೇಟಸ್ಸನ್ನು (ಕರೆ ಯಶಸ್ವಿಯಾಯಿತೇ ಎಂಬ ಉತ್ತರ) ಗಮನಿಸದೆ ಮುಂದುವರಿಯುತ್ತಿತ್ತು.

ಎಫ್‌ಎಂಯುವಿನ ಫಂಕ್ಷನ್‌ಗಳನ್ನು ಕರೆಯುವಾಗ ಕೆಲಸ ಮಾಡಿದ ಕ್ರಮವಿದು: ಇನ್‌ಸ್ಟ್ಯಾನ್ಶಿಯೇಟ್, ಸೆಟಪ್ ಎಕ್ಸ್‌ಪೆರಿಮೆಂಟ್, ಸೆಟ್ ರಿಯಲ್ ಮೂಲಕ ಎಲ್ಲ ಪ್ಯಾರಾಮೀಟರ್‌ಗಳು, ಎಂಟರ್ ಇನಿಶಿಯಲೈಸೇಶನ್ ಮೋಡ್, ಎಕ್ಸಿಟ್ ಇನಿಶಿಯಲೈಸೇಶನ್ ಮೋಡ್, ಕೊನೆಗೆ ಡೂ ಸ್ಟೆಪ್. ಸೆಟ್ ರಿಯಲ್‌ಗೆ ಹೆಸರನ್ನಲ್ಲ, ಮಾಡೆಲ್‌ಡಿಸ್ಕ್ರಿಪ್ಶನ್ ಕಡತದಲ್ಲಿರುವ ವ್ಯಾಲ್ಯೂ ರೆಫರೆನ್ಸ್ (ಚರವನ್ನು ಗುರುತಿಸುವ) ಸಂಖ್ಯೆಯನ್ನು ಕೊಡಬೇಕು. ಮರು ಎಕ್ಸ್‌ಪೋರ್ಟ್ ಆದಾಗ ಆ ಸಂಖ್ಯೆ ಬದಲಾಗಬಹುದಾದ್ದರಿಂದ ಪ್ರತಿ ಸಲವೂ ಕಡತದಿಂದಲೇ ಓದುವುದು ಕ್ಷೇಮ. ಪ್ರತಿ ಕರೆಯ ಸ್ಟೇಟಸ್ ‘ಓಕೆ’ ಆಗದಿದ್ದರೆ ಓಟವನ್ನು ಅಲ್ಲೇ ನಿಲ್ಲಿಸುವಂತೆ ಬರೆಯುವುದು ಅತ್ಯಗತ್ಯ. ಕಾಸಾಲಿಟಿ ‘ಕ್ಯಾಲ್ಕ್ಯುಲೇಟೆಡ್ ಪ್ಯಾರಾಮೀಟರ್’ ಎಂದಿದ್ದರೆ ಅದಕ್ಕೆ ಹೊರಗಿನಿಂದ ಮೌಲ್ಯ ಕೊಡಲು ಬರುವುದಿಲ್ಲ. ಅದನ್ನು ನಿರ್ಧರಿಸುವ ಮೂಲ ಪ್ಯಾರಾಮೀಟರ್‌ಗೇ ಸಿಸ್‌ಎಂಎಲ್ ಮೌಲ್ಯವನ್ನು ಜೋಡಿಸಬೇಕು.