ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ: ಎರಡು ಬಿಂಬ ಒಂದಾಗುವ ತನಕ

ಲೆನ್ಸಿನ ಮುಚ್ಚಳ ತೆಗೆಯದೆಯೇ ನಾನು ಒಮ್ಮೆ ಹದಿನಾಲ್ಕು ಫೋಟೊ ತೆಗೆದಿದ್ದೇನೆ. ಕಿಂಡಿಯಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು, ಫೋಕಸ್ ಕೂಡುತ್ತಿತ್ತು, ಶಟರ್ ಸದ್ದೂ ಸರಿಯಾಗಿತ್ತು. ಒಳಗಿನ ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾ ಆಗಿದ್ದರೆ ಕತ್ತಲು ಕಂಡು ಆ ಕ್ಷಣವೇ ಎಚ್ಚರವಾಗುತ್ತಿತ್ತು. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಅದರ ಮೇಲುಗಡೆ ಇರುವ ಬೇರೊಂದು ಗಾಜಿನ ಕಿಂಡಿಯ ಮೂಲಕ. ನೋಡುವ ಕಣ್ಣು ಒಂದು, ಫಿಲ್ಮಿಗೆ ಬರೆಯುವ ಕಣ್ಣು ಇನ್ನೊಂದು. ಈ ಯಂತ್ರದ ಸುಖವೂ ಪೇಚಾಟವೂ ಹುಟ್ಟುವುದು ಅಲ್ಲಿಂದಲೇ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಬೆರಳಿನಿಂದಲೂ ಕಿವಿಯಿಂದಲೂ ನಾವೇ ವಿಚಾರಿಸಿಕೊಳ್ಳಬೇಕು.

ಲೆನ್ಸಿನ ಜೊತೆ ತಾನೂ ಹೊಂದಿಕೊಂಡು ಚಲಿಸುವ ದೂರಮಾಪಕವನ್ನು ಒಡಲಿನೊಳಗೇ ಇಟ್ಟುಕೊಂಡ 35 ಎಂಎಂ ಕ್ಯಾಮೆರಾಗಳು 1932ರಲ್ಲಿ ಬಂದವು: ಲೈಕಾ 2 ಮತ್ತು ಕಾಂಟಾಕ್ಸ್. ಆಮೇಲೆ ಸೋವಿಯತ್ ಒಕ್ಕೂಟದ ಫೆಡ್, ಜೋರ್ಕಿ, 1954ರ ಲೈಕಾ ಎಂ3, ಅರವತ್ತು–ಎಪ್ಪತ್ತರ ದಶಕಗಳಲ್ಲಿ ಜಪಾನಿನಿಂದ ಬಂದ ಯಾಶಿಕಾ ಎಲೆಕ್ಟ್ರೋ 35, ಕ್ಯಾನೋನೆಟ್ ಮುಂತಾದವು. ಅಟ್ಟದ ಮೇಲಿನ ಪೆಟ್ಟಿಗೆಯಿಂದಲೋ ಅಜ್ಜನ ಬೀರುವಿನಿಂದಲೋ ನಿಮ್ಮ ಕೈಗೆ ಬಂದಿರುವುದು ಬಹುಶಃ ಇವುಗಳ ಪೈಕಿ ಒಂದು ಅಥವಾ ಇವುಗಳ ದಾಯಾದಿ. ಗುಂಡಿಗಳು ಇರುವ ಜಾಗ ಬೇರೆಯಾದರೂ ಬಳಸುವ ಕ್ರಮ ಹೆಚ್ಚುಕಡಿಮೆ ಒಂದೇ.

ಫಿಲ್ಮ್ ಹಾಕುವ ಮೊದಲು

ಖಾಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಆಡಿ. ಫಿಲ್ಮ್ ಮುಂದೂಡುವ ಸನ್ನೆ (ಲಿವರ್) ಎಳೆದು, ಅಂದರೆ ಶಟರನ್ನು ಸಜ್ಜುಗೊಳಿಸಿ, ಒಂದೊಂದೇ ವೇಗದಲ್ಲಿ ಒತ್ತಿ ಕೇಳಿ. ಒಂದು ಸೆಕೆಂಡಿನ ವೇಗ ಇದ್ದರೆ ಒಳಗೆ ಗಡಿಯಾರದ ಚಕ್ರಗಳು ಸುತ್ತುವ ‘ಜುಯ್ಯ್’ ಸದ್ದು ತಡೆಯಿಲ್ಲದೆ ಕೇಳಿಸಬೇಕು. ನಡುವೆ ತೊದಲಿದರೆ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ವೇಗದ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಜೋರ್ಕಿ, ಫೆಡ್ ಮತ್ತು ಹಳೆಯ ಸ್ಕ್ರೂ ಲೆನ್ಸಿನ ಲೈಕಾಗಳಲ್ಲಿ ಶಟರ್ ಸಜ್ಜುಗೊಳಿಸಿದ ನಂತರವೇ ವೇಗದ ಗುಂಡಿಯನ್ನು ತಿರುಗಿಸಬೇಕು. ಜೋರ್ಕಿಯಲ್ಲಿ ಈ ಕ್ರಮ ಮೀರಿ ಬಲವಂತ ಮಾಡಿದರೆ ಒಳಗಿನ ಭಾಗ ಮುರಿಯುವುದೂ ಉಂಟು. ಯಾವ ಮಾದರಿಯೆಂದು ಖಚಿತವಿಲ್ಲದಿದ್ದರೆ ಮೊದಲು ಸನ್ನೆ, ಆಮೇಲೆ ವೇಗ. ಇದರಿಂದ ಬಹುತೇಕ ಕ್ಯಾಮೆರಾಗಳಿಗೆ ನಷ್ಟವಿಲ್ಲ.

ಹಿಂಬಾಗಿಲು ತೆರೆಯುವಂಥದ್ದಾದರೆ ಅಂಚಿನ ಸಂದುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಳಕು ತಡೆಯಲು ಹಾಕಿದ್ದ ಕಪ್ಪು ಸ್ಪಂಜು ಇಷ್ಟು ವರ್ಷಕ್ಕೆ ಕರಗಿ ಬೆಲ್ಲದ ಪಾಕದಂತಾಗಿರುತ್ತದೆ. ಅದನ್ನು ಕೆರೆದು ತೆಗೆದು ಹೊಸದನ್ನು ಅಂಟಿಸದಿದ್ದರೆ ಫೋಟೊದ ಮೇಲೆಲ್ಲ ಕಿತ್ತಳೆ ಬಣ್ಣದ ಗೀರುಗಳು ಬೀಳುತ್ತವೆ. ಬಟ್ಟೆಯ ಶಟರ್ ಇದ್ದರೆ ಲೆನ್ಸ್ ಬಿಚ್ಚಿ ದೀಪಕ್ಕೆ ಹಿಡಿದು ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ತೂತೇ. ಕನ್ನಡಿಯಿಲ್ಲದ ಈ ಕ್ಯಾಮೆರಾವನ್ನು ಬಿಸಿಲಿಗೆ ಮುಖಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಶಟರಿನ ಬಟ್ಟೆಯ ಪರದೆಯನ್ನು ಸುಟ್ಟುಬಿಡುತ್ತದೆ. ಮುಚ್ಚಳ ಇರುವುದು ಅದಕ್ಕಾಗಿ. ಹಾಕಬೇಕು, ತೆಗೆಯುವುದನ್ನೂ ಮರೆಯಬಾರದು.

ಇನ್ನು ಬ್ಯಾಟರಿ. ಪೂರ್ತಿ ಯಾಂತ್ರಿಕವಾದವುಗಳಿಗೆ ಅದರ ಗೊಡವೆಯೇ ಇಲ್ಲ. ಕ್ಯಾನೋನೆಟ್ ಕ್ಯೂಎಲ್17ನಂಥವು ಬ್ಯಾಟರಿಯಿಲ್ಲದೆಯೂ ಎಲ್ಲ ವೇಗದಲ್ಲೂ ಕೆಲಸ ಮಾಡುತ್ತವೆ, ಬೆಳಕಿನ ಮಾಪಕ ಮಾತ್ರ ಸುಮ್ಮನಿರುತ್ತದೆ. ಯಾಶಿಕಾ ಎಲೆಕ್ಟ್ರೋಗೆ ಬ್ಯಾಟರಿ ಇಲ್ಲದಿದ್ದರೆ ಉಳಿಯುವುದು 1/500 ಸೆಕೆಂಡಿನ ವೇಗ ಒಂದೇ. ಹಳೆಯ ಮಾಪಕಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಯನ್ನು ನಂಬಿದ್ದವು, ಅವು ಈಗ ಮಾರಾಟದಲ್ಲಿಲ್ಲ. 1.5 ವೋಲ್ಟಿನದನ್ನು ತುರುಕಿದರೆ ಮುಳ್ಳು ಓಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ಶ್ರವಣ ಸಾಧನಕ್ಕೆ ಹಾಕುವ ಜಿಂಕ್-ಏರ್ ಬ್ಯಾಟರಿಯ ವೋಲ್ಟೇಜ್ ಹಳೆಯದಕ್ಕೆ ಹತ್ತಿರ. ನಾನಂತೂ ಕ್ಯಾಮೆರಾದ ಮಾಪಕವನ್ನು ನಂಬುವುದನ್ನೇ ಬಿಟ್ಟಿದ್ದೇನೆ. ಅದರ ಬದಲು ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

ರೀಲು ಹಾಕುವುದು

ನೆರಳಿನಲ್ಲಿ ನಿಂತುಕೊಳ್ಳಿ. ರಿವೈಂಡ್ ಗುಂಡಿಯನ್ನು ಮೇಲಕ್ಕೆಳೆದು ಹಿಂಬಾಗಿಲು ತೆರೆಯಿರಿ. ಫಿಲ್ಮ್ ಡಬ್ಬಿ ಎಡಗಡೆಯ ಗೂಡಿಗೆ, ಅದರ ನಾಲಿಗೆ ಬಲಗಡೆಯ ಸುರುಳಿಯ ಸೀಳಿಗೆ. ಫಿಲ್ಮಿನ ಮಂಕು ಬದಿ ಲೆನ್ಸಿನ ಕಡೆಗೂ ಹೊಳೆಯುವ ಬದಿ ನಿಮ್ಮ ಕಡೆಗೂ ಇರಬೇಕು. ಸನ್ನೆಯನ್ನು ಒಮ್ಮೆ ಎಳೆದು, ಮೇಲೆ ಕೆಳಗೆ ಎರಡೂ ಅಂಚಿನ ರಂಧ್ರಗಳು ಹಲ್ಲುಗಾಲಿಗೆ ಕೂತವೆಯೇ ಎಂದು ನೋಡಿಯೇ ಬಾಗಿಲು ಮುಚ್ಚಿ. ಒಂದು ಅಂಚು ಮಾತ್ರ ಕೂತಿದ್ದರೂ ಸಾಕೆನಿಸುತ್ತದೆ. ಸಾಲದು.

ಈಗ ಬರುವುದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಡಬ್ಬಿಯೊಳಗಿನ ಸಡಿಲ ಸುರುಳಿ ಬಿಗಿಯಾಗಿ ಬೆರಳಿಗೆ ಪ್ರತಿರೋಧ ಸಿಕ್ಕ ತಕ್ಷಣ ನಿಲ್ಲಿಸಿ. ನಂತರ ಸನ್ನೆ ಎಳೆಯುವಾಗ ಎಡಗಡೆಯ ಅದೇ ಗುಂಡಿಯ ಮೇಲೆ ಕಣ್ಣಿಡಿ. ಅದು ಹಿಮ್ಮುಖವಾಗಿ ತಿರುಗಿದರೆ ಫಿಲ್ಮ್ ಸಾಗುತ್ತಿದೆ, ಸುಮ್ಮನೆ ನಿಂತಿದ್ದರೆ ಸಾಗುತ್ತಿಲ್ಲ. ಒಳಗೆ ಏನು ನಡೆಯುತ್ತಿದೆ ಎನ್ನುವುದಕ್ಕೆ ಇದೊಂದೇ ಸಾಕ್ಷಿ. ಎಣಿಕೆಯ ಮುಳ್ಳನ್ನು ನಂಬಬೇಡಿ, ಫಿಲ್ಮ್ ಇಲ್ಲದಿದ್ದರೂ ಅದು ಸಲೀಸಾಗಿ ಮುಂದೆ ಹೋಗುತ್ತದೆ. ‘ಮೂವತ್ತಾರರ ರೀಲಿನಲ್ಲಿ ನಲವತ್ತನೆಯದೂ ಬಂತಲ್ಲ’ ಎಂದು ಹಿಗ್ಗಿದವರ ಫಿಲ್ಮ್ ಒಂದಿಂಚೂ ಕದಲಿರುವುದಿಲ್ಲ. ಎರಡು ಖಾಲಿ ಫೋಟೊ ಹೊಡೆದು ಎಣಿಕೆ 1ಕ್ಕೆ ಬಂದರೆ ಸಿದ್ಧ.

ತಳದಿಂದ ಫಿಲ್ಮ್ ಹಾಕುವ ಹಳೆಯ ಲೈಕಾ ಮತ್ತು ಅದರ ಸೋವಿಯತ್ ನಕಲುಗಳಿಗೆ ಇಂದಿನ ಫಿಲ್ಮಿನ ನಾಲಿಗೆ ಗಿಡ್ಡವಾಯಿತು. ಕತ್ತರಿಯಿಂದ ಅದನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಸೀಳಿಕೊಳ್ಳಬೇಕು. ಕತ್ತರಿ ರಂಧ್ರದ ಮೇಲೆ ಹಾಯದಂತೆ, ಎರಡು ರಂಧ್ರಗಳ ನಡುವೆ ತಿರುವು ಕೊಡಿ. ಅರ್ಧ ಕತ್ತರಿಸಿದ ರಂಧ್ರದ ತುಣುಕು ಹರಿದು ಗಾಲಿಗಳ ನಡುವೆ ಸಿಕ್ಕಿಕೊಂಡರೆ ರಿಪೇರಿಯವನ ಬಾಗಿಲು ತಟ್ಟಬೇಕಾಗುತ್ತದೆ.

ಬಿಂಬ ಕೂಡಿಸುವುದು

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿಂದಿತ್ತ ಜಿಗಿಯುತ್ತದೆ. ಕೈ ದೂರ ಚಾಚಿದಷ್ಟೂ ಜಿಗಿತ ಕಡಿಮೆ. ರೇಂಜ್‌ಫೈಂಡರಿನ ವಿದ್ಯೆಯೂ ಇದೇ. ಕ್ಯಾಮೆರಾದ ಮುಂದೆ ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಂಡಿಗಳಿವೆ. ಒಂದರ ದೃಶ್ಯ ನೇರವಾಗಿ ಕಣ್ಣಿಗೆ ಬರುತ್ತದೆ. ಇನ್ನೊಂದರದು ಕನ್ನಡಿಯಲ್ಲಿ ಹೊರಳಿ, ಅರೆಪಾರದರ್ಶಕ ಗಾಜಿನ ಮೇಲೆ ಬಿದ್ದು, ನಡುವೆ ಒಂದು ಚಿಕ್ಕ ತಿಳಿಹಳದಿ ಚೌಕವಾಗಿ ಮೊದಲನೆಯದರ ಮೇಲೆ ಕೂರುತ್ತದೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಒಳಗಿನ ಸಣ್ಣ ತೋಳು ಆ ಚೌಕದ ಬಿಂಬವನ್ನು ಅಡ್ಡಕ್ಕೆ ಸರಿಸುತ್ತದೆ. ಎರಡು ಬಿಂಬ ಒಂದರ ಮೇಲೊಂದು ಕೂತಲ್ಲಿ ಫೋಕಸ್.

ಮೊದಲ ಪಾಠವನ್ನು ಬಾಗಿಲ ಚೌಕಟ್ಟಿನ ಮೇಲೆ ಕಲಿಯಿರಿ. ಬಿಂಬ ಸರಿಯುವುದು ಅಡ್ಡಕ್ಕಾದ್ದರಿಂದ ನಿಂತ ಗೆರೆಗಳ ಮೇಲೆ ಮಾತ್ರ ಅದರ ಸರಿದಾಟ ಕಣ್ಣಿಗೆ ಬೀಳುತ್ತದೆ. ಮಲಗಿದ ಗೆರೆ ಮಾತ್ರ ಇದ್ದರೆ ಕ್ಯಾಮೆರಾವನ್ನೇ ಲಂಬವಾಗಿ ತಿರುಗಿಸಿ ಫೋಕಸ್ ಮಾಡಿ, ಮತ್ತೆ ನೇರ ಹಿಡಿಯಿರಿ. ಮುಖ ತೆಗೆಯುವಾಗ ಕನ್ನಡಕದ ಅಂಚು ಸಿಕ್ಕಿದರೆ ಪುಣ್ಯ. ಇಲ್ಲವೆಂದರೆ ಕಣ್ಣಿನ ಕಪ್ಪು ಗುಡ್ಡೆಯಲ್ಲಿ ಹೊಳೆಯುವ ಬೆಳಕಿನ ಚುಕ್ಕೆ. ಎರಡು ಚುಕ್ಕೆ ಒಂದಾಗುವ ಆ ಗಳಿಗೆ ಎಷ್ಟನೆಯ ಸಲವಾದರೂ ಹಿತವೆನಿಸುತ್ತದೆ. ಕಂಬಿಗಳ ಸಾಲು ಮಾತ್ರ ಮೋಸ: ಒಂದು ಕಂಬಿಯ ಬಿಂಬ ಪಕ್ಕದ ಕಂಬಿಯ ಮೇಲೆ ಕೂತು ‘ಆಯಿತು’ ಎಂದುಬಿಡುತ್ತದೆ. ಅಲ್ಲಿ ಮೂಲೆಯ ಕೊನೆಯ ಕಂಬಿಯನ್ನೇ ಆರಿಸಿಕೊಳ್ಳಿ.

ಚೌಕವೇ ಕಾಣುತ್ತಿಲ್ಲವೇ? ನಿಮ್ಮ ಬೆರಳು ಮುಂದಿನ ಚಿಕ್ಕ ಕಿಂಡಿಗೆ ಅಡ್ಡ ಬಂದಿದೆಯೇ ಎಂದು ಮೊದಲು ನೋಡಿ, ಹತ್ತರಲ್ಲಿ ಎಂಟು ಸಲ ಕಾರಣ ಅದೇ. ಹಳೆಯದಾಗಿ ಮಂಕಾಗಿದ್ದರೆ ದೊಡ್ಡ ಕಿಂಡಿಯ ಗಾಜಿನ ನಟ್ಟನಡುವೆ ಚೌಕದಷ್ಟೇ ಚಿಕ್ಕ ಕಪ್ಪು ಟೇಪಿನ ತುಣುಕು ಅಂಟಿಸಿ. ಹಿಂದಿನ ದೃಶ್ಯ ಕಪ್ಪಾಗಿ ಚೌಕ ಎದ್ದು ಕಾಣುತ್ತದೆ. ಸ್ಕ್ರೂ ಲೆನ್ಸಿನ ಲೈಕಾಗಳಲ್ಲಿ ಫೋಕಸ್ ಮಾಡುವ ಕಿಂಡಿ ಬೇರೆ, ಚೌಕಟ್ಟು ನೋಡುವ ಕಿಂಡಿ ಬೇರೆ. ಒಂದರಲ್ಲಿ ಕೂಡಿಸಿ ಇನ್ನೊಂದಕ್ಕೆ ಕಣ್ಣು ಸರಿಸಬೇಕು. ಕಿರಿಕಿರಿಯೆನಿಸಿದರೂ ಒಂದು ರೀಲು ಮುಗಿಯುವಷ್ಟರಲ್ಲಿ ರೂಢಿಯಾಗುತ್ತದೆ.

ದೂರಮಾಪಕ ಸರಿಯಿದೆಯೇ ಎಂದು ಪರೀಕ್ಷಿಸಲು ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ, ಒಂದೆರಡು ಕಿಲೋಮೀಟರ್ ದೂರದ ಗೋಪುರವನ್ನೋ ರಾತ್ರಿ ಚಂದ್ರನನ್ನೋ ನೋಡಿ. ಎರಡು ಚಂದ್ರರು ಕಂಡರೆ ಮಾಪಕ ಜಾರಿದೆ. ಅವರು ಮೇಲೆ ಕೆಳಗೆ ನಿಂತಿದ್ದರೆ ನೋಡಲು ಹಿಂಸೆಯೇ ಹೊರತು ಫೋಕಸ್ ಕೆಡುವುದಿಲ್ಲ. ಅಕ್ಕಪಕ್ಕ ನಿಂತಿದ್ದರೆ ತೆಗೆಯುವ ಪ್ರತಿ ಫೋಟೊ ಮಸುಕು, ಸರಿಪಡಿಸಲೇಬೇಕು. 50 ಎಂಎಂ ಲೆನ್ಸನ್ನು ಎಫ್ 2ಕ್ಕೆ ತೆರೆದು (ಎಫ್ ಅಂಕಿ ಲೆನ್ಸಿನೊಳಗಿನ ಬೆಳಕಿನ ತೂತಿನ ಅಳತೆ; ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು) ಒಂದು ಮೀಟರಿನಲ್ಲಿ ನಿಂತರೆ ಸ್ಪಷ್ಟವಾಗಿ ಬರುವ ಆಳ ಒಟ್ಟು ಸುಮಾರು 5 ಸೆಂ.ಮೀ. ಮಾತ್ರ. ಮಾಪಕದ ತಪ್ಪಿಗಿರಲಿ, ನೀವು ಫೋಕಸ್ ಮಾಡಿದ ಮೇಲೆ ಸ್ವಲ್ಪ ಮುಂದೆ ವಾಲುವುದಕ್ಕೂ ಅಲ್ಲಿ ಜಾಗವಿಲ್ಲ.

ಎಲ್ಲಾ ಸಲ ಕೂಡಿಸುತ್ತ ಕೂರಬೇಕಿಲ್ಲ. ಲೆನ್ಸಿನ ಕತ್ತಿನ ಮೇಲೆ ಎರಡೂ ಬದಿಗೆ ಕೊರೆದ ಅಂಕಿಗಳಿವೆಯಲ್ಲ, ಅವು ಅಲಂಕಾರಕ್ಕಲ್ಲ, ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿ ಬರುತ್ತದೆಂದು ಹೇಳುತ್ತವೆ. 35 ಎಂಎಂ ಲೆನ್ಸನ್ನು ಎಫ್ 8ಕ್ಕಿಟ್ಟು 3 ಮೀಟರಿಗೆ ತಿರುಗಿಸಿದರೆ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಬೀದಿಯಲ್ಲಿ ನಡೆಯುವಾಗ ಇಷ್ಟು ಸಾಕು: ಕಣ್ಣಿಗೆತ್ತು, ಒತ್ತು, ಇಳಿಸು.

ಬೆಳಕಿನ ಲೆಕ್ಕ

ಮೊದಲು ಕ್ಯಾಮೆರಾದ ಎಎಸ್‌ಎ ಅಂಕಿಯನ್ನು ಫಿಲ್ಮಿನ ಐಎಸ್‌ಒಗೆ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿಗೆ, ಹೊಂದಿಸಿ, ಎರಡೂ ಒಂದೇ. ಬೆಳಕಿನ ಮಾಪಕವಿಲ್ಲದವರಿಗೆ ‘ಬಿಸಿಲಿಗೆ ಹದಿನಾರು’ ಸೂತ್ರವಿದೆ: ನೆರಳು ಗಟ್ಟಿಯಾಗಿ ಬೀಳುವ ಬಿಸಿಲಿನಲ್ಲಿ ಎಫ್ 16, ಶಟರ್ ವೇಗ ಐಎಸ್‌ಒಗೆ ಹತ್ತಿರದ್ದು. 100ರ ಫಿಲ್ಮಿಗೆ 1/125, 400ರದಕ್ಕೆ 1/500. ನೆರಳಿನ ಅಂಚು ಮೆತ್ತಗಾದರೆ ಎಫ್ 11, ನೆರಳೇ ಬೀಳದ ಮೋಡಕ್ಕೆ ಎಫ್ 8, ದಟ್ಟ ಮೋಡಕ್ಕೆ ಎಫ್ 5.6, ಬಯಲಿನ ನೆರಳಿಗೆ ಎಫ್ 4. ಆಕಾಶ ನೋಡಬೇಡಿ, ನೆಲದ ಮೇಲಿನ ನೆರಳು ನೋಡಿ. ಕಲರ್ ನೆಗೆಟಿವ್ ಫಿಲ್ಮಿಗೆ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಹೆಚ್ಚಾದರೂ ಸಹಿಸಿಕೊಳ್ಳುತ್ತದೆ, ಕಡಿಮೆಯಾದರೆ ಕೆಸರಿನಂತಾಗುತ್ತದೆ. ಅನುಮಾನವಿದ್ದಾಗ ಒಂದು ಹೆಜ್ಜೆ ಹೆಚ್ಚು ತೆರೆಯಿರಿ. ಸ್ಲೈಡ್ ಫಿಲ್ಮಿಗೆ ಈ ಔದಾರ್ಯವಿಲ್ಲ.

ಹಳೆಯ ಶಟರುಗಳಲ್ಲಿ 1/40, 1/100, 1/200 ಎಂಬಂಥ ಅಂಕಿಗಳಿದ್ದರೆ ಗಾಬರಿ ಬೇಡ. 1/125ರ ಬದಲು 1/100 ಇಟ್ಟರೆ ನೆಗೆಟಿವಿಗೆ ಗೊತ್ತೇ ಆಗುವುದಿಲ್ಲ.

ಒತ್ತುವ ಗಳಿಗೆ

ಕಿಂಡಿಯೊಳಗಿನ ಹೊಳೆಯುವ ಗೆರೆಗಳೇ ಫೋಟೊದ ಗಡಿ. ಗಡಿಯಾಚೆಯೂ ಕಾಣುತ್ತದೆ, ಹೀಗಾಗಿ ಚೌಕಟ್ಟಿನೊಳಗೆ ಕಾಲಿಡಲಿರುವವನು ಮುಂಚೆಯೇ ಕಣ್ಣಿಗೆ ಬೀಳುತ್ತಾನೆ. ಎಸ್‌ಎಲ್‌ಆರ್ ಇಷ್ಟಪಡುವ ಸ್ನೇಹಿತರ ಜೊತೆ ನಾನು ಜಗಳವಾಡುವುದು ಈ ಒಂದು ಅಂಶಕ್ಕಾಗಿಯೇ. ಹತ್ತಿರದ ವಸ್ತುವಿಗೆ ಮಾತ್ರ ಎರಡು ಕಣ್ಣುಗಳ ಭೇದ ಕಾಡುತ್ತದೆ: ಕಿಂಡಿ ಲೆನ್ಸಿಗಿಂತ ಮೇಲಿರುವುದರಿಂದ ಒಂದು ಮೀಟರಿನಲ್ಲಿ ತಲೆ ಕತ್ತರಿಸಿಹೋಗಬಹುದು. ಕೆಲವು ಕ್ಯಾಮೆರಾಗಳಲ್ಲಿ ಗೆರೆಗಳು ತಾವೇ ಸರಿಯುತ್ತವೆ. ಸರಿಯದಿದ್ದರೆ ತಲೆಯ ಮೇಲೆ ಜಾಗ ಬಿಡಿ. ಕನ್ನಡಿ ಎಗರುವ ಅದುರು ಇಲ್ಲದ್ದರಿಂದ 1/30ರಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. ಅರ್ಧ ಉಸಿರು ಬಿಟ್ಟು, ಬೆರಳನ್ನು ಚುಚ್ಚದೆ ಹಿಂಡಿದಂತೆ ಒತ್ತಿ. ಸೆಲ್ಫ್ ಟೈಮರ್ ಸನ್ನೆ ಇದ್ದರೆ ಅದರ ತಂಟೆಗೆ ಹೋಗಬೇಡಿ. ಹಳೆಯ ಕ್ಯಾಮೆರಾಗಳಲ್ಲಿ ಅದು ಅರ್ಧದಲ್ಲೇ ಸಿಕ್ಕಿಕೊಂಡರೆ ಶಟರೂ ಅದರ ಜೊತೆಗೆ ನಿಂತುಬಿಡುತ್ತದೆ.

ರೀಲು ಮುಗಿದ ಮೇಲೆ

ಸನ್ನೆ ಬಿಗಿಯಾದರೆ ಎಳೆಯಬೇಡಿ, ಅದು ಕೊನೆ. ತಳದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿ ಅಥವಾ ‘ಆರ್’ ಸನ್ನೆಯನ್ನು ತಿರುಗಿಸಿ, ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಸುತ್ತುತ್ತ ಹೋಗಿ. ಅವಸರ ಬೇಡ, ಒಣ ಹವೆಯಲ್ಲಿ ವೇಗವಾಗಿ ಸುತ್ತಿದರೆ ಫಿಲ್ಮಿನ ಮೇಲೆ ವಿದ್ಯುತ್ ಕಿಡಿಯ ಗೀರುಗಳು ಬೀಳುತ್ತವೆ. ಕೊನೆಯಲ್ಲಿ ಒಮ್ಮೆ ಬಿಗಿಯಾಗಿ, ‘ಟಕ್’ ಎಂದು ಸಡಿಲವಾಗುತ್ತದೆ. ನಾಲಿಗೆ ಸುರುಳಿಯಿಂದ ಕಳಚಿದ ಸದ್ದು ಅದು. ಇನ್ನೂ ನಾಲ್ಕಾರು ಸುತ್ತು ಸುತ್ತಿ ನಾಲಿಗೆ ಪೂರ್ತಿ ಒಳಗೆ ಹೋಗಲಿ. ಹೊರಗೆ ಉಳಿದಿದ್ದರೆ ಅದನ್ನು ಮಡಿಸಿ, ಡಬ್ಬಿಯ ಮೇಲೆ ದಿನಾಂಕ ಬರೆಯಿರಿ. ನಾನು ಹೀಗೆ ಮಾಡದೆ ಒಂದೇ ರೀಲನ್ನು ಎರಡು ಸಲ ಹಾಕಿ, ತೊಳೆಸಿ ತಂದಾಗ ಮದುವೆಯ ಊಟದ ಸಾಲಿನ ಮೇಲೆ ಸಮುದ್ರದ ಅಲೆಗಳು ಬಂದು ಬಡಿಯುತ್ತಿದ್ದವು.