ಘಾಟಿ ಹತ್ತುವಾಗ ಎಸಿ ಆಫ್ ಮಾಡಬೇಕಾ?

ಉಜಿರೆಯಿಂದ ನನ್ನ ತವರು ಮೂಡಿಗೆರೆಗೆ ಹೋಗಬೇಕೆಂದರೆ ಚಾರ್ಮಾಡಿ ಘಾಟಿ ಹತ್ತಲೇಬೇಕು. ಚಾರ್ಮಾಡಿ ಊರು ದಾಟಿ ಏರು ಶುರುವಾಯಿತೋ ಇಲ್ಲವೋ, ಹಿಂದಿನ ಸೀಟಿನಿಂದ ಅತ್ತೆಯ ಮಾತು ಬರುತ್ತದೆ: "ಎಸಿ ಬಂದ್ ಮಾಡು ಮಾರಾಯ್ತಿ, ಗಾಡಿ ಎಳೆಯುದಿಲ್ಲ."

ಮೊದಮೊದಲು ಹೇಳಿದ ಹಾಗೆಯೇ ಮಾಡುತ್ತಿದ್ದೆ. ಆದರೂ ಒಂದು ಸಲ ಹೇರ್‌ಪಿನ್ ತಿರುವಿನ ನಟ್ಟನಡುವೆ ಗಾಡಿ ನಿಂತುಬಿಟ್ಟಿತು. ಒಳಗೆ ನಾಲ್ಕು ಜನ, ಡಿಕ್ಕಿಯಲ್ಲಿ ಒಂದು ಗೋಣಿ ತೆಂಗಿನಕಾಯಿ, ಹಿಂದೆ ಹಾರ್ನ್ ಹೊಡೆಯುವ ಬಸ್ಸು. ಎಸಿ ಆಫೇ ಇತ್ತು! ತಪ್ಪು ನನ್ನದು, ಮೂರನೇ ಗೇರಿನಲ್ಲೇ ತಿರುವಿಗೆ ನುಗ್ಗಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆಗೆ ಬಂದವಳೇ ಕಾಗದ ಪೆನ್ನು ಹಿಡಿದು ಕೂತೆ.

ಮೊದಲು ಎಸಿ ಏನು ಮಾಡುತ್ತದೆ ನೋಡಿ. ಬಟನ್ ಒತ್ತಿದಾಗ ಬಾನೆಟ್ ಒಳಗೆ 'ಟಕ್' ಅಂತ ಸದ್ದಾಗುತ್ತದೆ. ಅದು ಎಸಿ ಗ್ಯಾಸನ್ನು ಒತ್ತುವ ಪಂಪಾದ ಕಂಪ್ರೆಸರ್‌ನ ಮ್ಯಾಗ್ನೆಟ್ ಕ್ಲಚ್ ಹಿಡಿದುಕೊಂಡ ಸದ್ದು. ಅಲ್ಲಿಂದ ಮುಂದೆ ಇಂಜಿನ್ನು ಚಕ್ರಗಳನ್ನಷ್ಟೇ ಅಲ್ಲ, ಬೆಲ್ಟಿನ ಮೂಲಕ ಕಂಪ್ರೆಸರನ್ನೂ ತಿರುಗಿಸಬೇಕು. ಸಣ್ಣ ಕಾರಿನಲ್ಲಿ ಇದಕ್ಕೆ ಎರಡರಿಂದ ನಾಲ್ಕು ಅಶ್ವಶಕ್ತಿ ಹೋಗುತ್ತದೆ. ಒಳಗೆ ಸಾಕಷ್ಟು ತಂಪಾದರೆ ಮತ್ತೆ 'ಟಕ್', ಕ್ಲಚ್ ಬಿಡುತ್ತದೆ, ಆ ಹೊರೆ ಇಳಿಯುತ್ತದೆ.

ನನ್ನದು 796 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಕಾರು. ಪುಸ್ತಕದಲ್ಲಿ 48 ಅಶ್ವಶಕ್ತಿ ಅಂತ ಇದೆ. ನಲವತ್ತೆಂಟರಲ್ಲಿ ಮೂರು ಹೋದರೆ ಏನು ಮಹಾ, ಅಲ್ವಾ? ಆದರೆ ಆ 48 ಸಿಗುವುದು ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದಾಗ, ಅಂದರೆ 6000 ಆರ್‌ಪಿಎಂನಲ್ಲಿ. ಘಾಟಿಯಲ್ಲಿ ಯಾರು ಅಷ್ಟು ರೈಸ್ ಮಾಡುತ್ತಾರೆ? ಮೂರನೇ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುವಾಗ ಇಂಜಿನ್ ತಿರುಗುವುದು ಸುಮಾರು 1600ರಲ್ಲಿ. ಆಗ ಎಕ್ಸಲರೇಟರ್ ಪೂರ್ತಿ ಒತ್ತಿದರೂ ನನ್ನ ಲೆಕ್ಕಕ್ಕೆ ಸಿಗುವುದು ಹದಿಮೂರೇ. ಜನ, ಕಾಯಿ ಎಲ್ಲ ಸೇರಿ ಒಂದು ಟನ್ ತೂಕ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಅದನ್ನು ಅದೇ ವೇಗದಲ್ಲಿ ಎಳೆಯಲು ಹತ್ತು ಹನ್ನೊಂದು ಬೇಕು. ಎಸಿಗೆ ಎರಡು ಕೊಟ್ಟರೆ ಕೈಯಲ್ಲಿ ಉಳಿಯುವುದು ಸೊನ್ನೆ.

ಅದೇ ವೇಗದಲ್ಲಿ ಎರಡನೇ ಗೇರಿಗೆ ಇಳಿಸಿ. ಇಂಜಿನ್ 2500ರ ಹತ್ತಿರ ಹೋಗುತ್ತದೆ, ಇಪ್ಪತ್ತಮೂರರಷ್ಟು ಸಿಗುತ್ತದೆ. ಎಸಿ ಮೂರು ತಿಂದರೂ ಒಂಬತ್ತು ಹತ್ತು ಕೈಯಲ್ಲಿರುತ್ತದೆ. ಅಂದರೆ ಎಸಿ ಆಫ್ ಮಾಡಿ ಉಳಿಸುವುದು ಎರಡು, ಗೇರ್ ಇಳಿಸಿ ಗಳಿಸುವುದು ಹತ್ತು. ಅತ್ತೆಗೆ ಇದನ್ನು ಬರೆದು ತೋರಿಸಿದೆ. "ಆದ್ರೂ ಬಂದ್ ಮಾಡು" ಅಂದರು.

ಹಾಗಾಗಿ ಈಗ ನಾನು ಘಾಟಿ ಹತ್ತುವ ಕ್ರಮ ಹೀಗಿದೆ. ಏರಿನ ಬುಡಕ್ಕೆ ಬರುವ ಮೊದಲೇ, ಸಪಾಟು ರಸ್ತೆಯಲ್ಲೇ ಕಾರಿನ ಒಳಗೆ ಚೆನ್ನಾಗಿ ತಂಪು ಮಾಡಿಕೊಳ್ಳುತ್ತೇನೆ. ಬಿಸಿಲಿಗೆ ನಿಲ್ಲಿಸಿದ ಕಾರಾದರೆ ಮೊದಲು ಗ್ಲಾಸ್ ಇಳಿಸಿ ಬಿಸಿಗಾಳಿ ಹೊರಗೆ ಬಿಡಬೇಕು, ಆಮೇಲೆ ಎಸಿ. ನಂತರ ಹೊರಗಿನ ಗಾಳಿ ಬರದ ಹಾಗೆ ಲಿವರ್ ಹಾಕಿ. ತಂಪಾದ ಗಾಳಿಯೇ ಮತ್ತೆ ಸುತ್ತುವುದರಿಂದ ಕಂಪ್ರೆಸರ್‌ಗೆ ಕೆಲಸ ಕಡಿಮೆ. ಏರು ಶುರುವಾದಾಗ ಬ್ಲೋವರ್ ಒಂದಕ್ಕೆ ಇಳಿಸುತ್ತೇನೆ.

ಇಲ್ಲಿ ತುಂಬ ಜನ ಎಡವುತ್ತಾರೆ. ಚಳಿ ಜಾಸ್ತಿಯಾಯಿತು ಅಂತ ತಾಪದ ನಾಬನ್ನು ಕೆಂಪು ಕಡೆಗೆ ತಿರುಗಿಸುತ್ತಾರೆ. ನನ್ನ ಕಾರಿನಂಥ ಸಾದಾ ಎಸಿಯಲ್ಲಿ ಆ ನಾಬು ತಂಪಾದ ಗಾಳಿಗೆ ಹೀಟರಿನ ಬಿಸಿಗಾಳಿ ಬೆರೆಸುತ್ತದೆ, ಅಷ್ಟೇ. ಕಂಪ್ರೆಸರ್ ಪಾಡಿಗೆ ಕಂಪ್ರೆಸರ್ ದುಡಿಯುತ್ತಲೇ ಇರುತ್ತದೆ. ಬ್ಲೋವರ್ ಇಳಿಸಿದರೆ ಮಾತ್ರ ಅದಕ್ಕೆ ಆಗಾಗ ಬಿಡುವು ಸಿಗುತ್ತದೆ.

ತಿರುವಿನ ಒಳಗೆ ಹೋದ ಮೇಲೆ ಗೇರ್ ಹುಡುಕಬೇಡಿ, ಮೊದಲೇ ಇಳಿಸಿ. ಕಡಿದಾದ ತಿರುವು, ಎದುರು ಲಾರಿ, ನಿಂತು ಹೊರಡಬೇಕು ಅನ್ನುವಾಗ ಹತ್ತು ಸೆಕೆಂಡ್ ಎಸಿ ಬಟನ್ ಆಫ್ ಮಾಡಿ, ಬ್ಲೋವರ್ ತಿರುಗುತ್ತಿರಲಿ. ಹಾಫ್ ಕ್ಲಚ್‌ನಲ್ಲಿ ಏರಿಗೆ ಗಾಡಿ ಎತ್ತುವಾಗ ಆ ಎರಡು ಅಶ್ವಶಕ್ತಿಗೂ ಬೆಲೆ ಇದೆ. ಈಗಿನ ಹಲವು ಕಾರುಗಳಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೆ ಅದರ ಕಂಪ್ಯೂಟರೇ ಕೆಲವು ಸೆಕೆಂಡ್ ಕಂಪ್ರೆಸರ್ ಬಿಡಿಸುತ್ತದೆ. ಹಳೆ ಟರ್ಬೊ ಡೀಸೆಲ್ ಇದ್ದವರು ಆರ್‌ಪಿಎಂ 1800ರ ಕೆಳಗೆ ಬೀಳಲು ಬಿಡಬೇಡಿ. ಅದಕ್ಕಿಂತ ಕೆಳಗೆ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಎದ್ದಿರುವುದಿಲ್ಲ, ಅದರ ಮೇಲೆ ಎಸಿ ಹೊರೆಯೂ ಸೇರಿದರೆ ಗಾಡಿ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಇನ್ನು ಎಲೆಕ್ಟ್ರಿಕ್ ಕಾರಿನವರಿಗೆ ಪಿಕಪ್ ಚಿಂತೆ ಇಲ್ಲ. ಅಲ್ಲಿ ಎಸಿ ತಿನ್ನುವುದು ಬ್ಯಾಟರಿಯನ್ನು.

ಜುಲೈ ತಿಂಗಳಲ್ಲಿ ಈ ಕ್ರಮವೆಲ್ಲ ಉಲ್ಟಾ. ಮಳೆ, ಮಂಜು, ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ. ಎರಡು ನಿಮಿಷದಲ್ಲಿ ಮುಂದಿನ ಗಾಜು ಪೂರ್ತಿ ಮಬ್ಬು. ಆಗ ಯಾರು ಹೇಳಿದರೂ ಎಸಿ ಆಫ್ ಮಾಡಬೇಡಿ. ಎಸಿ ಗಾಳಿಯ ತೇವ ಹೀರುತ್ತದೆ, ಗಾಜು ತಿಳಿಯಾಗುತ್ತದೆ. ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಬರುವ ಲಿವರ್ ತೆರೆಯಿರಿ. ಚಳಿ ಆದರೆ ಈಗ ನಾಬನ್ನು ಕೆಂಪಿಗೆ ತಿರುಗಿಸಬಹುದು, ಬಿಸಿ ಒಣಗಾಳಿ ಗಾಜಿಗೆ ಇನ್ನೂ ಒಳ್ಳೆಯದು. ಭಾನುವಾರ ಜಲಪಾತ ನೋಡಲು ರಸ್ತೆ ಬದಿಯಲ್ಲೇ ಕಾರು ನಿಲ್ಲಿಸುವವರ ನಡುವೆ ಎದುರಿನದು ಕಾಣದೆ ಹೋಗುವುದಕ್ಕಿಂತ ಪಿಕಪ್ ಸ್ವಲ್ಪ ಕಡಿಮೆ ಆದರೆ ಪರವಾಗಿಲ್ಲ.

ಬೇಸಿಗೆಯಲ್ಲಿ ಮಾತ್ರ ಇಂಜಿನ್ ತಾಪದ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಇರುವುದು ಇಂಜಿನ್ ತಂಪು ಮಾಡುವ ರೇಡಿಯೇಟರ್ ಮುಂದೆ. ಅದು ಬಿಟ್ಟ ಬಿಸಿಯೇ ರೇಡಿಯೇಟರ್‌ಗೆ ಹೋಗುತ್ತದೆ. ಮುಳ್ಳು ಮೇಲೆ ಹೋಗುತ್ತಿದ್ದರೆ ಆಗ ಖಂಡಿತ ಎಸಿ ಆಫ್ ಮಾಡಿ. ಇಳಿಯುವಾಗಿನ ಸಂಗತಿಯೇ ಬೇರೆ. ಗೇರಿನಲ್ಲೇ ಇದ್ದು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಕಾರುಗಳಲ್ಲಿ ಪೆಟ್ರೋಲ್ ಸರಬರಾಜೇ ನಿಲ್ಲುತ್ತದೆ, ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ಅಂದರೆ ಮೂಡಿಗೆರೆಯಿಂದ ವಾಪಸ್ ಬರುವಾಗ ಎಸಿ ಹೆಚ್ಚುಕಮ್ಮಿ ಪುಕ್ಕಟೆ!

ಎಸಿ ಹಾಕಿದ ಕೂಡಲೇ ಸಪಾಟು ರಸ್ತೆಯಲ್ಲೂ ಗಾಡಿ ಸೋಲುತ್ತಿದ್ದರೆ ಅದು ಮಾಮೂಲಿಯಲ್ಲ. ಮನೆ ಅಂಗಳದಲ್ಲೇ ನೋಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಇಂಜಿನ್ ಬಿಸಿಯಾದ ಮೇಲೆ ಎಸಿ ಬಟನ್ ಒತ್ತಿ. 'ಟಕ್' ಅಂದಾಗ ಇಂಜಿನ್ ಒಂದು ಕ್ಷಣ ತಗ್ಗಿ, ಕೂಡಲೇ ಮೊದಲಿಗಿಂತ ತುಸು ಮೇಲೇಳಬೇಕು. ಏಳದೆ ಗಡಗಡ ನಡುಗಿದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕೊಳೆ ಇರಬಹುದು. ಬೆಲ್ಟು ಕಿರ್ ಅಂದರೆ ಸಡಿಲವಾಗಿದೆ ಅಥವಾ ಸವೆದಿದೆ. ಮುಂದಿನ ಫ್ಯಾನು ತಿರುಗುತ್ತಿಲ್ಲ ಅಂದರೆ ಗ್ಯಾಸಿನ ಒತ್ತಡ ಏರಿ ಕಂಪ್ರೆಸರ್ ಇನ್ನೂ ಭಾರವಾಗುತ್ತದೆ.

ಗ್ಯಾಸ್ ಜಾಸ್ತಿ ತುಂಬಿದರೂ ಅದೇ ಕತೆ. ಒಂದು ಬೇಸಿಗೆಯಲ್ಲಿ "ಸ್ವಲ್ಪ ಜಾಸ್ತಿ ಹಾಕಿದ್ದೇನೆ ಮೇಡಂ, ಚೆನ್ನಾಗಿ ತಂಪಾಗುತ್ತೆ" ಅಂತ ಒಬ್ಬರು ತುಂಬಿ ಕಳಿಸಿದರು. ತಂಪೂ ಕಡಿಮೆಯಾಯಿತು, ಪಿಕಪ್ಪೂ ಹೋಯಿತು. ಬೇರೆ ಕಡೆ ಪೂರ್ತಿ ಗ್ಯಾಸ್ ಹೊರಗೆ ತೆಗೆಸಿ, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಿಸಿದೆ. ನಿಮ್ಮ ಕಾರಿನಲ್ಲೂ ಆ ಸ್ಟಿಕ್ಕರ್ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ, ಗ್ಯಾಸ್ ಹಾಕಿಸುವಾಗ ಪಕ್ಕದಲ್ಲೇ ನಿಂತು ತೂಕ ನೋಡಿ.